ಸಭೆ ನಡೆಸೋರಿಗೊಂದು ಬಹಿರಂಗ ಪತ್ರ: ಮಾತು ಶುರುವಾಗೋಕೆ ಮುಂಚೆ ಚೀಟಿ ಬರೆಸಿಕೊಳ್ಳಿ

ಅಧ್ಯಕ್ಷರೇ,

ಹೆಸರು ಹಾಕಿಲ್ಲ, ಯಾಕಂದ್ರೆ ನೀವು ಒಬ್ಬರಲ್ಲ. ಶಿಸ್ತು ಸಮಿತಿ ನಡೆಸೋರು, ನೇಮಕಾತಿ ಕಮಿಟಿ ನಡೆಸೋರು, ಸಂಘದ ಆಡಳಿತ ಮಂಡಳಿಯೋರು, ಯೂನಿಯನ್ ಮುಖಂಡರು, ಒಟ್ನಲ್ಲಿ ಐದೋ ಹತ್ತೋ ಜನರನ್ನ ಒಂದು ಮೇಜಿನ ಸುತ್ತ ಕೂರಿಸಿ "ಹೇಳಿ, ಏನ್ ಮಾಡೋಣ" ಅಂತ ಮಾತಿಗೆ ಬಿಡೋ ಎಲ್ಲರಿಗೂ ಈ ಪತ್ರ. ಕೇಳ್ಕೊಳ್ಳೋದು ಒಂದೇ ವಿಷಯ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಚರ್ಚೆ ಶುರುವಾಗೋಕೆ ಮುಂಚೆ ಪ್ರತಿಯೊಬ್ಬ ಸದಸ್ಯರ ಕೈಗೂ ಒಂದು ಚೀಟಿ ಕೊಟ್ಟು ಅವರವರ ತೀರ್ಮಾನ ಏನು ಅಂತ ಬರೆಸಿಕೊಳ್ಳಿ, ಆ ಚೀಟಿಗಳನ್ನ ನಡಾವಳಿ ಪುಸ್ತಕದ ಜೊತೆ ಇಡಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದ ಬರೀಬೇಕಾಗತ್ತೆ, ದಯವಿಟ್ಟು ಓದಿ.

ಕೆಲವು ವರ್ಷದ ಹಿಂದೆ ನಾನು ಒಂದು ಶಿಸ್ತು ಸಮಿತಿಲಿ ಇದ್ದೆ. ಏಳು ಜನ. ಮುಂದಿದ್ದ ಕೇಸು ಒಬ್ಬ ಹುಡುಗಂದು, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ಮೂರು ದಿನ ತಪಾಸಣೆಗೆ ಹೋಗ್ದೇನೇ ಹೋಗಿ ಬಂದೆ ಅಂತ ರಿಜಿಸ್ಟರ್ ತುಂಬಿದ್ದ. ಸಿಕ್ಕಿಬಿದ್ದ, ತಪ್ಪು ಒಪ್ಪಿಕೊಂಡ. ನಷ್ಟ ಏನೂ ಆಗಿರ್ಲಿಲ್ಲ, ಆದ್ರೆ ಆಗಬಹುದಿತ್ತು, ಅದೂ ನಿಜ. ಹಿಂದಿನ ರಾತ್ರಿ ಫೈಲ್ ಓದಿ ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ: "ಒಂದು ಇಂಕ್ರಿಮೆಂಟ್ ಕಟ್, ಲಿಖಿತ ಎಚ್ಚರಿಕೆ, ಆರು ತಿಂಗಳು ನಿಗಾ." ಅದರ ಕೆಳಗೆ ಗೆರೆ ಕೂಡ ಎಳೆದಿದ್ದೆ.

ಮೀಟಿಂಗು ಶುರುವಾಯ್ತು. ಮೊದಲು ಮಾತಾಡಿದವರು "ಇದು ಸಣ್ಣ ವಿಷಯ ಅಲ್ಲ" ಅಂದ್ರು, ಅದನ್ನ ಯಾರೂ ಅಲ್ಲಗಳೆಯೋ ಹಾಗಿರ್ಲಿಲ್ಲ, ಎಲ್ಲರೂ ತಲೆ ಆಡಿಸಿದ್ವಿ. ಎರಡನೆಯವರು ಇವತ್ತು ರಿಜಿಸ್ಟರು ನಾಳೆ ಇನ್ನೇನೋ ಅಂದ್ರು. ಮೂರನೆಯವರು ಇವನನ್ನ ಬಿಟ್ರೆ ಉಳಿದೋರು ನಮ್ಮನ್ನ ಏನಂದ್ಕೋತಾರೆ ಅಂದ್ರು. ನನ್ನ ಸರದಿ ಬಂದಾಗ ನಾನೂ ಒಂದು ಪಾಯಿಂಟ್ ಸೇರಿಸಿದೆ, ಮೂರು ದಿನ ಅಂದ್ರೆ ಕೈತಪ್ಪಲ್ಲ, ಗೊತ್ತಿದ್ದೇ ಮಾಡಿದ್ದು ಅಂತ. ಸತ್ಯನೇ ಅದು. ಆದ್ರೆ ನೋಟ್‌ಬುಕ್ಕಲ್ಲಿ ಅದರ ಕೆಳಗೇ ಬರೆದಿದ್ದ ಇನ್ನೊಂದು ಸಾಲು, ಆ ಮೂರು ದಿನ ಅವನ ತಲೆ ಮೇಲೆ ಇಬ್ಬರ ಕೆಲಸ ಹಾಕಿದ್ರು ಅನ್ನೋದು, ನಾನು ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತ ಎಷ್ಟೋ ಸಲ ಯೋಚಿಸಿದೀನಿ, ಯಾರೂ ಬಾಯಿ ಮುಚ್ಚಿಸಿರ್ಲಿಲ್ಲ, ಯಾರೂ ಜೋರು ದನೀಲಿ ಕೂಡ ಮಾತಾಡಿರ್ಲಿಲ್ಲ, ಮಾತು ಹರೀತಿದ್ದ ಕಡೆಗೆ ಆ ಸಾಲು ಹೊಂದ್ತಿರ್ಲಿಲ್ಲ ಅಷ್ಟೇ. ಒಂದೂಮುಕ್ಕಾಲು ಗಂಟೆ ಆದ್ಮೇಲೆ ಏಳು ಜನಾನೂ ಸೇರಿ ಅವನನ್ನ ಕೆಲಸದಿಂದ ತೆಗೆದ್ವಿ. ನಡಾವಳಿಲಿ "ಸರ್ವಾನುಮತದಿಂದ" ಅಂತ ಬರೆದ್ರು, ನಾನು ಸಹಿ ಹಾಕಿದೆ.

ಮೆಟ್ಟಿಲು ಇಳಿಯುವಾಗ ಒಬ್ಬರು ನನ್ನ ಪಕ್ಕಕ್ಕೆ ಬಂದು ಮೆತ್ತಗೆ ಹೇಳಿದ್ರು, "ನಾನು ಬರೋವಾಗ ವಾರ್ನಿಂಗ್ ಕೊಟ್ಟು ಬಿಡೋಣ ಅಂತಾನೇ ಬಂದಿದ್ದೆ." ವಾರ ಬಿಟ್ಟು ಇನ್ನೊಬ್ಬರೂ ಅದೇ ಮಾತು ಹೇಳಿದ್ರು. ನನ್ನನ್ನೂ ಸೇರಿಸಿದ್ರೆ ಏಳರಲ್ಲಿ ಮೂರು ಜನ ಆಯ್ತು. ಉಳಿದ ನಾಲ್ವರು ಏನ್ ಅಂದ್ಕೊಂಡು ಬಂದಿದ್ರೋ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗೋ ದಾರಿನೂ ಇಲ್ಲ, ಯಾಕಂದ್ರೆ ಯಾರೂ ಬರೆಸಿಕೊಂಡಿರ್ಲಿಲ್ಲ.

ಆಮೇಲೆ ನಾನು ಈ ವಿಷಯಾನ ಹುಡುಕಿ ಹುಡುಕಿ ಓದಿದೆ. ನಮಗೆ ಆಗಿದ್ದಕ್ಕೆ ಒಂದು ಹೆಸರಿದೆ, ಗ್ರೂಪ್ ಪೋಲರೈಸೇಷನ್, ಗುಂಪು ಧ್ರುವೀಕರಣ. ಧ್ರುವೀಕರಣ ಅಂದ ತಕ್ಷಣ ಎರಡು ಬಣ ಮಾಡ್ಕೊಂಡು ಹೊಡೆದಾಡೋದು ಅಂತ ಕಣ್ಮುಂದೆ ಬರತ್ತೆ, ಇಲ್ಲಿ ಜಗಳಾನೇ ಇರಲ್ಲ. ಮೊದಲೇ ಹೆಚ್ಚುಕಮ್ಮಿ ಒಂದೇ ಕಡೆ ವಾಲಿರೋ ಜನ ಕೂತು ಮಾತಾಡ್ತಾರೆ, ಎದ್ದು ಹೋಗುವಾಗ ಅದೇ ಕಡೆಗೆ ಇನ್ನೂ ಜಾಸ್ತಿ ವಾಲಿರ್ತಾರೆ.

ಇದನ್ನ ಮೊದಲು ಹಿಡಿದಿದ್ದು ಒಬ್ಬ ವಿದ್ಯಾರ್ಥಿ. 1961ರಲ್ಲಿ ಅಮೆರಿಕದ ಎಂಐಟಿಲಿ ಜೇಮ್ಸ್ ಸ್ಟೋನರ್ ತನ್ನ ಮಾಸ್ಟರ್ಸ್ ಥೀಸಿಸ್‌ಗೆ ಅಂತ ಮಾಡಿದ ಕೆಲಸ. ಅವನು ಜನರ ಮುಂದೆ 12 ಪೇಚಿನ ಪ್ರಶ್ನೆ ಇಟ್ಟ. ಒಂದರಲ್ಲಿ ಒಬ್ಬ ಎಲೆಕ್ಟ್ರಿಕಲ್ ಎಂಜಿನಿಯರ್ ಇದಾನೆ, ಮದುವೆ ಆಗಿದೆ, ಒಂದು ಮಗು, ಜೀವನಪೂರ್ತಿ ಭದ್ರವಾಗಿರೋ ಕೆಲಸ ಇದೆ ಆದ್ರೆ ಸಂಬಳ ಅಷ್ಟಕ್ಕಷ್ಟೇ, ಈಗ ಹೊಸ ಕಂಪನಿಯೊಂದು ಜಾಸ್ತಿ ಸಂಬಳ ಪಾಲುದಾರಿಕೆ ಎಲ್ಲ ಕೊಡ್ತೀವಿ ಅಂತಿದೆ ಆದ್ರೆ ಆ ಕಂಪನಿ ನಿಲ್ಲತ್ತೋ ಮುಳುಗತ್ತೋ ಗೊತ್ತಿಲ್ಲ. ಹತ್ತರಲ್ಲಿ ಎಷ್ಟು ಪಾಲು ನಿಲ್ಲೋ ಭರವಸೆ ಇದ್ರೆ ಹೋಗು ಅಂತೀರಿ? ಮೊದಲು ಒಬ್ಬೊಬ್ಬರೇ ಉತ್ತರ ಬರೀಬೇಕು, ಆಮೇಲೆ ಗುಂಪಾಗಿ ಮಾತಾಡಿ ಒಮ್ಮತಕ್ಕೆ ಬರ್ಬೇಕು. ಆಗ ಎಲ್ಲರೂ ನಂಬ್ಕೊಂಡಿದ್ದು ಏನಂದ್ರೆ ನಾಲ್ಕು ಜನ ಸೇರಿದ್ರೆ ಹುಷಾರಾಗ್ತಾರೆ, ಮಧ್ಯದ ದಾರಿ ಹಿಡೀತಾರೆ ಅಂತ. ಆಗಿದ್ದು ಉಲ್ಟಾ, ಗುಂಪುಗಳು ಒಬ್ಬೊಬ್ಬರ ಸರಾಸರಿಗಿಂತ ಜಾಸ್ತಿ ರಿಸ್ಕ್ ತಗೊಂಡವು. ಇದಕ್ಕೆ ರಿಸ್ಕಿ ಶಿಫ್ಟ್ ಅಂತಾನೇ ಹೆಸರು ಬಿತ್ತು. ಆದ್ರೆ ಆ ಹೆಸರು ಅರ್ಧ ಸತ್ಯ, ಯಾಕಂದ್ರೆ ಅದೇ 12ರಲ್ಲಿ ಪದೇ ಪದೇ ಜಗಳ ಆಡ್ತಿರೋ ಜೋಡಿ ಮದುವೆ ಆಗ್ಬೇಕಾ ಬೇಡ್ವಾ ಅನ್ನೋ ತರದ ಒಂದೆರಡು ಪ್ರಶ್ನೆಗೆ ಗುಂಪು ಇನ್ನೂ ಜಾಸ್ತಿ ಹುಷಾರಾಗ್ತಿತ್ತು. ಅಂದ್ರೆ ರಿಸ್ಕ್ ಅನ್ನೋದು ಮುಖ್ಯ ಅಲ್ಲ, ಜನ ಮೊದಲೇ ಯಾವ ಕಡೆ ವಾಲಿದ್ರು ಅನ್ನೋದು ಮುಖ್ಯ, ಮಾತು ಅದೇ ಕಡೆಗೆ ಇನ್ನೊಂದು ನೂಕು ನೂಕತ್ತೆ.

ಮುಂದೆ 1969ರಲ್ಲಿ ಮೊಸ್ಕೊವಿಚಿ ಮತ್ತು ಜವಲ್ಲೋನಿ ಫ್ರಾನ್ಸಿನ ಪ್ರೌಢಶಾಲೆ ಹುಡುಗರ ಜೊತೆ ಮಾಡಿ ನೋಡಿದ್ರು. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಡಿ ಗಾಲ್ ಬಗ್ಗೆ ಆ ಹುಡುಗರಿಗೆ ಮೊದಲೇ ಒಳ್ಳೆ ಅಭಿಪ್ರಾಯ ಇತ್ತು, ಚರ್ಚೆ ಆದ್ಮೇಲೆ ಇನ್ನೂ ಒಳ್ಳೆದಾಯ್ತು. ಅಮೆರಿಕನ್ನರ ಬಗ್ಗೆ ಮೊದಲೇ ಅಷ್ಟಕ್ಕಷ್ಟೇ, ಚರ್ಚೆ ಆದ್ಮೇಲೆ ಇನ್ನೂ ಕೆಟ್ಟದಾಯ್ತು. 1970ರಲ್ಲಿ ಮೈಯರ್ಸ್ ಮತ್ತು ಬಿಷಪ್ ಅಮೆರಿಕದ ಹೈಸ್ಕೂಲ್ ಮಕ್ಕಳನ್ನ ಜನಾಂಗೀಯ ಪೂರ್ವಾಗ್ರಹ ಜಾಸ್ತಿ ಇರೋರು ಕಮ್ಮಿ ಇರೋರು ಅಂತ ಬೇರೆ ಬೇರೆ ಕೂರಿಸಿ ಮಾತಾಡಿಸಿದ್ರು, ಜಾಸ್ತಿ ಇದ್ದೋರಿಗೆ ಇನ್ನೂ ಜಾಸ್ತಿ ಆಯ್ತು, ಕಮ್ಮಿ ಇದ್ದೋರಿಗೆ ಇನ್ನೂ ಕಮ್ಮಿ ಆಯ್ತು. ಇದನ್ನ ಗಮನಿಸಿ, ಕೆಟ್ಟ ಕಡೆಗೆ ಮಾತ್ರ ಜಾರತ್ತೆ ಅಂತ ಏನೂ ಇಲ್ಲ.

ನಿಮಗೆ ಅಂದ್ರೆ ಕುರ್ಚಿಲಿ ಕೂರೋರಿಗೆ ತುಂಬಾ ಹತ್ರದ್ದು ಅನ್ಸೋದು ಇನ್ನೊಂದಿದೆ. 2000ದಲ್ಲಿ ಸನ್‌ಸ್ಟೀನ್, ಶ್ಕೇಡ್, ಕಾಹ್ನೆಮನ್ ಅನ್ನೋ ವಿದ್ವಾಂಸರು ಅಣಕು ಜ್ಯೂರಿಗಳ ಬಗ್ಗೆ ಬರೆದ್ರು. ಜ್ಯೂರಿ ಅಂದ್ರೆ ಕೋರ್ಟಲ್ಲಿ ಕೂತು ತೀರ್ಪು ಹೇಳೋ ಸಾಮಾನ್ಯ ಜನರ ಗುಂಪು. 3,000ಕ್ಕಿಂತ ಜಾಸ್ತಿ ಜನ, ಆರಾರು ಜನರ 500ಕ್ಕೂ ಮೀರಿದ ಜ್ಯೂರಿ. ತಪ್ಪು ಮಾಡಿದ ಕಂಪನಿಗೆ ಎಷ್ಟು ಶಿಕ್ಷೆ ಕೊಡ್ಬೇಕು, ಎಷ್ಟು ದಂಡ ಹಾಕ್ಬೇಕು ಅನ್ನೋದನ್ನ ಮೊದಲು ಒಬ್ಬೊಬ್ಬರೇ ಬರೀಬೇಕು, ಆಮೇಲೆ ಚರ್ಚೆ. ಶಿಕ್ಷೆಗೆ 0 ರಿಂದ 8ರವರೆಗೆ ಅಂಕ. ಮೊದಲೇ ಕಠಿಣವಾಗಿದ್ದ ಗುಂಪು ಚರ್ಚೆ ಆದ್ಮೇಲೆ ಇನ್ನೂ ಕಠಿಣ ಆಯ್ತು, ಮೃದುವಾಗಿದ್ದ ಗುಂಪು ಇನ್ನೂ ಮೃದು ಆಯ್ತು. ದಂಡದ ದುಡ್ಡಂತೂ ಏರಿದ್ದೇ ಏರಿದ್ದು. ಶೇಕಡಾ 27ರಷ್ಟು ಜ್ಯೂರಿಗಳಲ್ಲಿ ಕೊನೆಗೆ ಬಂದ ಮೊತ್ತ ಆ ರೂಮಲ್ಲಿ ಎಲ್ಲರಿಗಿಂತ ಜಾಸ್ತಿ ಬರೆದಿದ್ದೋರ ಮೊತ್ತದಷ್ಟೇ ಇತ್ತು ಅಥವಾ ಅದನ್ನೂ ಮೀರಿತ್ತು. ಇದನ್ನ ಇನ್ನೊಂದ್ಸಲ ಓದಿ. ಒಂಟಿಯಾಗಿ ಇದ್ದಾಗ ಅವರಲ್ಲಿ ಯಾರೊಬ್ಬರೂ ನ್ಯಾಯ ಅಂತ ಅಂದ್ಕೊಂಡಿರದ ಮೊತ್ತಾನ ಎಲ್ಲರೂ ಸೇರಿ ನ್ಯಾಯ ಅಂತ ತೀರ್ಮಾನ ಮಾಡಿದ ಕೋಣೆಗಳೂ ಇದ್ವು. ಇದನ್ನ ಓದಿದ ದಿನ ನಂಗೆ ನಮ್ಮ ಏಳು ಸಹಿ ನೆನಪಾಯ್ತು.

2005ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದಲ್ಲೂ ಇಂಥದ್ದೇ ಮಾಡಿದ್ರು. ಬೌಲ್ಡರ್ ಅನ್ನೋ ಊರಿನ ಉದಾರವಾದಿಗಳನ್ನೇ ಒಟ್ಟಿಗೆ, ಕೊಲರಾಡೋ ಸ್ಪ್ರಿಂಗ್ಸಿನ ಸಂಪ್ರದಾಯವಾದಿಗಳನ್ನೇ ಒಟ್ಟಿಗೆ ಕೂರಿಸಿ ಹವಾಮಾನ ಒಪ್ಪಂದ, ಸಲಿಂಗಿಗಳ ಜೊತೆಬಾಳ್ವೆಗೆ ಮಾನ್ಯತೆ ಇಂಥ ವಿಷಯ ಕೊಟ್ರು. ಬೌಲ್ಡರಿನೋರು ಇನ್ನೂ ಎಡಕ್ಕೆ ಹೋದ್ರು, ಸ್ಪ್ರಿಂಗ್ಸಿನೋರು ಇನ್ನೂ ಬಲಕ್ಕೆ. ಚರ್ಚೆ ಆದ್ಮೇಲೆ ಗುಟ್ಟಾಗಿ ಒಬ್ಬೊಬ್ಬರನ್ನೇ ಕೇಳಿದಾಗಲೂ ಹಾಗೇ ಹೇಳಿದ್ರು ಅನ್ನೋದು ನಂಗೆ ಭಯ ಹುಟ್ಟಿಸಿದ ಮಾತು, ಅಂದ್ರೆ ಬರೀ ಮುಲಾಜಿಗೆ ತಲೆ ಆಡಿಸಿದ್ದಲ್ಲ, ಒಳಗೇ ಬದಲಾಗಿತ್ತು. ಅಷ್ಟೇ ಅಲ್ಲ, ಮೊದಲು ಒಂದೇ ಗುಂಪಿನ ಒಳಗೆ ಇದ್ದ ಸಣ್ಣಪುಟ್ಟ ವ್ಯತ್ಯಾಸಗಳೂ ಸವೆದು ಹೋಗಿದ್ವು.

ಯಾಕೆ ಹೀಗಾಗತ್ತೆ? ಒಂದು ಕಾರಣ ಬರೀ ಲೆಕ್ಕ. ಏಳು ಜನರಲ್ಲಿ ಒಬ್ಬೊಬ್ಬರ ತಲೇಲೂ ಒಂದು ಕಡೆಗೆ ಮೂರು ಕಾರಣ, ಇನ್ನೊಂದು ಕಡೆಗೆ ಒಂದು ಕಾರಣ ಇದೆ ಅಂದ್ಕೊಳ್ಳಿ. ಮಾತಿಗೆ ಕೂತಾಗ ಬಹುಮತದ ಕಡೆಯ ಕಾರಣಗಳು ಹೊರಗೆ ಬರ್ತಾವೆ, ನನ್ನ ಹತ್ರ ಇಲ್ಲದ ಕಾರಣ ಪಕ್ಕದವರ ಹತ್ರ ಇರತ್ತೆ, ಹಾಗಾಗಿ ನನ್ನ ಮೂರು ಕಾರಣ ಎಂಟಾಗತ್ತೆ, ಇನ್ನೊಂದು ಕಡೆಯದ್ದು ಒಂದೇ ಉಳಿಯತ್ತೆ ಅಥವಾ ಅದೂ ನೋಟ್‌ಬುಕ್ಕಲ್ಲೇ ಉಳಿಯತ್ತೆ. ಅಲ್ಲಿಗೆ ಎಲ್ಲರೂ ಪ್ರಾಮಾಣಿಕವಾಗಿಯೇ ಜಾಸ್ತಿ ಗಟ್ಟಿ ಆಗ್ತಾರೆ, ಯಾಕಂದ್ರೆ ಅವರು ಕೇಳಿದ್ದೇ ಅಷ್ಟು. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಇದಕ್ಕೆ ಹತ್ತಿರದ್ದೇ ಒಂದನ್ನ ತೋರಿಸಿಕೊಟ್ರು, ಗುಂಪು ಎಲ್ಲರಿಗೂ ಮೊದಲೇ ಗೊತ್ತಿರೋದನ್ನೇ ತಿರುಗಿಸಿ ಮುರುಗಿಸಿ ಮಾತಾಡತ್ತೆ, ಒಬ್ಬರಿಗೆ ಮಾತ್ರ ಗೊತ್ತಿರೋ ವಿಷಯ ಮೇಜಿನ ಮೇಲೆ ಬರೋದೇ ಕಷ್ಟ ಅಂತ. ಆ ಹುಡುಗನಿಗೆ ಇಬ್ಬರ ಕೆಲಸ ಹಾಕಿದ್ರು ಅನ್ನೋದು ಬಹುಶಃ ನನಗೊಬ್ಬನಿಗೇ ಗೊತ್ತಿತ್ತು.

ಎರಡನೇದು, ನಾವೆಲ್ಲ ನಮ್ಮ ಗುಂಪಿನ ಮೌಲ್ಯದಲ್ಲಿ ಒಂದು ಕೈ ಮೇಲೇ ಇದೀವಿ ಅಂದ್ಕೊಂಡಿರ್ತೀವಿ. ನಾನು ಶಿಸ್ತಿನ ಮನುಷ್ಯ ಅಂತ ನಂಬಿರೋನಿಗೆ ಪಕ್ಕದವರು ನನಗಿಂತ ಕಠಿಣ ಅಂತ ಕಂಡ್ರೆ ನಾನೂ ಒಂದು ಹೆಜ್ಜೆ ಮುಂದೆ ಇಡ್ತೀನಿ, ನಾನು ಇಟ್ಟಿದ್ದನ್ನ ನೋಡಿ ಅವರು ಇನ್ನೊಂದು ಇಡ್ತಾರೆ. ಮೂರನೇದು ಧೈರ್ಯ, ಒಬ್ಬನೇ ಇದ್ದಾಗ ಬಹುಶಃ, ಇರಬಹುದೇನೋ ಅಂತಿದ್ದೋನು ನಾಲ್ಕು ಜನ ಹೌದು ಅಂದ ತಕ್ಷಣ ಖಂಡಿತಾ ಅಂತಾನೆ, ಹೊಸ ಕಾರಣ ಒಂದೂ ಸಿಕ್ಕಿರಲ್ಲ, ಹೌದು ಅನ್ನೋ ದನಿ ಜಾಸ್ತಿ ಆಗಿರತ್ತೆ. ಗುಂಪಲ್ಲಿ ಗೋವಿಂದ ಅಂತೀವಲ್ಲ, ಆ ಮಾತಲ್ಲಿ ಸೋಮಾರಿತನದ ವಾಸನೆ ಇದೆ, ಇಲ್ಲಿ ಆಗೋದು ಸೋಮಾರಿತನ ಅಲ್ಲ, ಮನಸ್ಸಿಟ್ಟು ಕೇಳೋ ಜನಕ್ಕೇ ಇದು ಆಗತ್ತೆ.

ಇಷ್ಟು ಹೇಳಿದ್ಮೇಲೆ ನೀವು ಕೇಳಬಹುದು, ಹಾಗಾದ್ರೆ ಸಭೆನೇ ಬೇಡ್ವಾ, ಗಟ್ಟಿ ನಿಲುವು ತಗೊಳ್ಳೋದೇ ತಪ್ಪಾ ಅಂತ. ಅಲ್ಲವೇ ಅಲ್ಲ. ಪೂರ್ವಾಗ್ರಹ ಕಮ್ಮಿ ಇದ್ದ ಮಕ್ಕಳು ಮಾತಾಡಿ ಇನ್ನೂ ಕಮ್ಮಿ ಮಾಡ್ಕೊಂಡ್ರು ಅಂದ್ನಲ್ಲ, ಅನ್ಯಾಯದ ವಿರುದ್ಧ ನಿಂತಿರೋ ಜನಕ್ಕೂ ಒಬ್ಬರಿಗೊಬ್ಬರು ಬಲ ಬರೋದು ಹೀಗೇ ಕೂತು ಮಾತಾಡಿದಾಗ, ಒಂಟಿಯಾಗಿ ಯಾರೂ ಬಾಯಿ ಬಿಡದ ಸತ್ಯಾನ ಗುಂಪು ಗಟ್ಟಿಯಾಗಿ ಹೇಳಿರೋದು ಎಷ್ಟೋ ಸಲ ಆಗಿದೆ. ನನ್ನ ತಕರಾರು ಒಂದೇ. ಅಭಿಪ್ರಾಯ ಜರುಗಿದ್ದು ಹೊಸ ಸಾಕ್ಷಿ ಸಿಕ್ಕಿದ್ದಕ್ಕಾ ಅಥವಾ ಅದೇ ಸಾಕ್ಷಿನ ಏಳು ಬಾಯಿಂದ ಕೇಳಿದ್ದಕ್ಕಾ ಅನ್ನೋದು ಕೊನೇಲಿ ಕೂತಿರೋರಿಗೆ ಗೊತ್ತೇ ಆಗಲ್ಲ. ಒಳಗಿಂದ ಎರಡೂ ಒಂದೇ ತರ ಅನ್ಸತ್ತೆ, ನಂಗೂ ಅವತ್ತು ಸತ್ಯ ಸಿಕ್ಕಿದ ಹಾಗೇ ಅನ್ಸಿತ್ತು.

ಅದಕ್ಕೇ ಚೀಟಿ. ಹೆಸರು ಬೇಡ, ಹೆಸರು ಹಾಕ್ಸಿದ್ರೆ ಜನ ತಾವು ಬರೆದಿದ್ದನ್ನೇ ಹಿಡ್ಕೊಂಡು ಹಠಕ್ಕೆ ಬೀಳ್ತಾರೆ. ತೀರ್ಮಾನ ಒಂದು ಸಾಲು, ಅದರ ಕೆಳಗೆ ಆ ತೀರ್ಮಾನಕ್ಕೆ ವಿರುದ್ಧವಾಗಿ ತಮಗೆ ಗೊತ್ತಿರೋ ಒಂದು ವಿಷಯ, ಇನ್ನೊಂದು ಸಾಲು. ಐದು ನಿಮಿಷದ ಕೆಲಸ. ಚೀಟಿಗಳನ್ನ ನೀವೇ ಗಟ್ಟಿಯಾಗಿ ಓದಿ, ಆಮೇಲೆ ಚರ್ಚೆ ಬಿಡಿ. ನಮ್ಮ ಸಭೇಲಿ ಹಾಗೆ ಓದಿದ್ರೆ ಬರೋವಾಗ ಎಚ್ಚರಿಕೆ ಸಾಕು ಅಂದ್ಕೊಂಡಿದ್ದ ಮೂವರಿಗೂ ಇನ್ನಿಬ್ಬರು ಇದಾರೆ ಅನ್ನೋದು ಗೊತ್ತಾಗ್ತಿತ್ತು. ಇದು ಸಣ್ಣ ಮಾತಲ್ಲ. ಸೊಲೊಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸೋ ಪ್ರಯೋಗ ಮಾಡಿದ್ರು, ರೂಮಲ್ಲಿ ಉಳಿದೋರೆಲ್ಲ ಬೇಕಂತಲೇ ತಪ್ಪು ಹೇಳಿದ್ರೆ ಒಂಟಿ ಮನುಷ್ಯ ಸುಮಾರು ಮೂರರಲ್ಲಿ ಒಂದು ಸಲ ತನ್ನ ಕಣ್ಣನ್ನೇ ಬಿಟ್ಟು ಅವರ ಜೊತೆ ಹೋಗ್ತಿದ್ದ. ಒಬ್ಬನೇ ಒಬ್ಬ ಸರಿ ಹೇಳೋನು ಜೊತೆಗೆ ಸಿಕ್ಕಿದ್ರೆ ಸಾಕು, ಆ ತಪ್ಪು ನಾಲ್ಕನೇ ಒಂದು ಭಾಗಕ್ಕೆ ಇಳೀತಿತ್ತು. ಒಬ್ಬನೇ ಒಬ್ಬ. ನಮ್ಮ ಮೇಜಿನ ಸುತ್ತ ಇಬ್ಬರಿದ್ರು, ಮೂವರೂ ಒಬ್ಬರಿಗೊಬ್ಬರು ಕಾಣ್ದೇ ಕೂತಿದ್ವಿ.

ಚೀಟಿ ಜೊತೆಗೆ ಇನ್ನೊಂದು, ದಯವಿಟ್ಟು ನೀವು ಕೊನೇಗೆ ಮಾತಾಡಿ. ಇದು ಹೊಸ ಬುದ್ಧಿವಂತಿಕೆ ಏನಲ್ಲ, ಹಳೇ ಕಾಲದ ಯಹೂದಿ ನ್ಯಾಯಸಭೆ ಸನ್ಹೆಡ್ರಿನ್‌ನ ನಿಯಮಗಳಲ್ಲೇ ಮರಣದಂಡನೆ ಕೇಸಿನಲ್ಲಿ ಅಭಿಪ್ರಾಯ ಕೇಳೋದು ಪಕ್ಕದಲ್ಲಿ ಕೂತಿರೋ ಕಿರಿಯರಿಂದ ಶುರು ಆಗ್ಬೇಕು ಅಂತ ಇದೆ, ಹಿರಿಯರು ಹೇಳಿಬಿಟ್ರೆ ಕಿರಿಯರ ಬಾಯಿ ಕಟ್ಟಿ ಹೋಗತ್ತೆ ಅಂತ. ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿ ಇನ್ನೂ ಒಂದು ಮಾತಿದೆ, ಎಲ್ಲ ನ್ಯಾಯಾಧೀಶರೂ ಒಕ್ಕೊರಲಿಂದ ಅಪರಾಧಿ ಅಂದ್ರೆ ಆರೋಪಿನ ಬಿಟ್ಟುಬಿಡ್ಬೇಕು ಅಂತ. ಮೊದಲ ಸಲ ಓದಿದಾಗ ವಿಚಿತ್ರ ಅನ್ನಿಸಿತ್ತು, ಈಗ ಅನ್ಸಲ್ಲ. ಅವನ ಪರವಾಗಿ ಹೇಳೋಕೆ ಒಬ್ಬರಿಗೂ ಒಂದು ಮಾತೂ ಸಿಗ್ಲಿಲ್ಲ ಅಂದ್ರೆ ಹುಡುಕಿಲ್ಲ ಅಂತಲೇ ಅರ್ಥ.

ದೊಡ್ಡವರ ರೂಮಲ್ಲೂ ಇದೇ ಕತೆ. 1961ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಸರ್ಕಾರ ಕ್ಯೂಬಾದ ಸರ್ಕಾರ ಬೀಳಿಸೋಕೆ ಅಂತ ಸುಮಾರು 1,400 ಕ್ಯೂಬನ್ ದೇಶಭ್ರಷ್ಟರನ್ನ ಅಲ್ಲಿನ ಬೇ ಆಫ್ ಪಿಗ್ಸ್ ಅನ್ನೋ ಕಡೆ ಇಳಿಸಿ ಮೂರೇ ದಿನದಲ್ಲಿ ಸೋತು ಹೋಯ್ತು. ಕೆನಡಿ ಸಲಹೆಗಾರ, ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ ಆ ಯೋಜನೆ ಬೇಡ ಅಂತ ಕಾಗದದಲ್ಲಿ ಬರೆದುಕೊಟ್ಟಿದ್ರು, ಆದ್ರೆ ಸಭೇಲಿ ಕೂತಾಗ ಹೆಚ್ಚೇನೂ ಮಾತಾಡ್ಲಿಲ್ಲ, ಆಮೇಲೆ ಆ ಮೌನಕ್ಕೆ ತಮ್ಮನ್ನ ತಾವೇ ತುಂಬಾ ಹಳಿದುಕೊಂಡ್ರು. ಮುಂದಿನ ವರ್ಷ ಅಕ್ಟೋಬರಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಕಂಡಾಗ ಅದೇ ಕೆನಡಿ ಕೆಲವು ಸಭೆಗಳಿಗೆ ಬೇಕಂತಲೇ ಹೋಗ್ಲಿಲ್ಲ, ತಾನಿಲ್ಲದೇ ಇದ್ರೆ ಜನ ಬಾಯಿ ಬಿಡ್ತಾರೆ ಅಂತ. ಮೊದಮೊದಲು ಬಾಂಬ್ ಹಾಕೋಣ ಅನ್ನೋ ಕಡೆ ವಾಲಿದ್ದ ಮಾತು ಕೊನೆಗೆ ಸಮುದ್ರದಲ್ಲಿ ದಿಗ್ಬಂಧನ ಹಾಕೋದಕ್ಕೆ ಬಂದು ನಿಂತಿತು.

ಒಬ್ಬರಿಗೆ ಸುಮ್ನೆ ವಿರೋಧ ಮಾಡೋ ಪಾತ್ರ ಕೊಟ್ಟು ಕೂರಿಸೋದನ್ನೂ ಕೆಲವರು ಹೇಳ್ತಾರೆ. ಶಾರ್ಲನ್ ನೆಮೆತ್ ಅನ್ನೋ ಮನೋವಿಜ್ಞಾನಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು, ಪಾತ್ರಕ್ಕೆ ವಿರೋಧ ಮಾಡೋರಿಗಿಂತ ನಿಜವಾಗ್ಲೂ ಬೇರೆ ಅಭಿಪ್ರಾಯ ಇರೋ ಮನುಷ್ಯ ಗುಂಪಿನ ಯೋಚನೆನ ಹೆಚ್ಚು ಕದಲಿಸ್ತಾನೆ. ಅಂಥವರು ನಿಮ್ಮ ಸಭೇಲಿ ಬಹುಶಃ ಈಗಾಗ್ಲೇ ಇದಾರೆ. ಹೊಸದಾಗಿ ಯಾರನ್ನೂ ನೇಮಿಸೋದು ಬೇಡ, ಇರೋರು ಕಾಣೋ ಹಾಗೆ ಮಾಡಿ ಸಾಕು.

ಮತ್ತೆ ಚರ್ಚೆ ಅಂದ್ರೆ ಜನ ಜಾರಲೇಬೇಕು ಅಂತ ವಿಧಿ ಏನಿಲ್ಲ. ಜೇಮ್ಸ್ ಫಿಶ್ಕಿನ್ 1988ರಲ್ಲಿ ಡೆಲಿಬರೇಟಿವ್ ಪೋಲಿಂಗ್ ಅನ್ನೋ ಯೋಚನೆ ಮುಂದಿಟ್ರು, ಆಮೇಲೆ ಅದನ್ನ ಬೇರೆ ಬೇರೆ ದೇಶದಲ್ಲಿ ಮಾಡಿದಾರೆ. ಅಲ್ಲಿ ಜನರನ್ನ ಚೀಟಿ ಎತ್ತಿದ ಹಾಗೆ ಆರಿಸ್ತಾರೆ, ಎರಡೂ ಕಡೆಯ ವಾದ ಇರೋ ಕಾಗದ ಮೊದಲೇ ಕೊಡ್ತಾರೆ, ಎಲ್ಲರಿಗೂ ಮಾತು ಸಿಗೋ ಹಾಗೆ ನೋಡ್ಕೊಳ್ಳೋಕೆ ಒಬ್ಬರಿರ್ತಾರೆ, ಕೊನೇಲಿ ಗುಂಪಾಗಿ ಒಮ್ಮತಕ್ಕೆ ಬನ್ನಿ ಅನ್ನಲ್ಲ, ಒಬ್ಬೊಬ್ಬರೇ ಗುಟ್ಟಾಗಿ ಉತ್ತರ ಬರೀತಾರೆ. ಅಲ್ಲೂ ಅಭಿಪ್ರಾಯ ಬದಲಾಗತ್ತೆ, ಆದ್ರೆ ಮೊದಲು ವಾಲಿದ್ದ ಕಡೆಗೇ ಬೀಳೋದು ಅನ್ನೋ ನಿಯಮ ಅಲ್ಲಿ ನಿಲ್ಲಲ್ಲ. ಅಂದ್ರೆ ತಪ್ಪು ಮಾತಿಂದಲ್ಲ, ಮಾತಿಗೆ ನಾವು ಹಾಕಿರೋ ಚೌಕಟ್ಟಿಂದು. ಆ ಚೌಕಟ್ಟು ನಿಮ್ಮ ಕೈಲಿದೆ, ಸದಸ್ಯರ ಕೈಲಿಲ್ಲ, ಅದಕ್ಕೇ ಪತ್ರ ಸದಸ್ಯರಿಗೆ ಬರೀದೇ ನಿಮಗೆ ಬರೀತಿರೋದು.

ಟೈಮ್ ಇಲ್ಲ ಅಂತೀರೇನೋ. ಐದು ನಿಮಿಷ ಅಷ್ಟೇ. ಒಗ್ಗಟ್ಟು ಒಡೆಯತ್ತೆ ಅಂತೀರೇನೋ. ಬರೋವಾಗ ನಾಲ್ಕು ಮೂರು ಇದ್ದಿದ್ದು ಹೋಗುವಾಗ ಏಳಕ್ಕೆ ಏಳು ಆಯ್ತು ಅಂತ ನಡಾವಳಿಲಿ ಬರೆದ್ರೆ ಒಡೆಯೋದು ಏನಿದೆ, ಮೇಲ್ಮನವಿಲಿ ಕೂತು ಅದನ್ನ ಓದೋರಿಗೆ ಆ ಮಧ್ಯೆ ಏನಾಯ್ತು ಅಂತ ಕೇಳೋಕೆ ಒಂದು ದಾರಿ ಇರತ್ತೆ. ಹೊಸ ದಾಖಲೆ ಬಂತು, ಸಾಕ್ಷಿ ಮಾತು ಬದಲಾಯ್ತು ಅಂತ ಉತ್ತರ ಇದ್ರೆ ತುಂಬಾ ಒಳ್ಳೆದು. ಏನೂ ಬಂದಿಲ್ಲ, ಬರೀ ಮಾತಾಡಿದ್ವಿ ಅಂತಿದ್ರೆ ಅವತ್ತು ತೀರ್ಮಾನ ಮಾಡ್ಬೇಡಿ, ಎದ್ದು ಮನೆಗೆ ಕಳ್ಸಿ, ಎರಡು ದಿನ ಬಿಟ್ಟು ಇನ್ನೊಂದು ಚೀಟಿ ಬರೆಸಿ. ಒಬ್ಬರ ಕೆಲಸ, ಒಬ್ಬರ ಓದು, ಒಬ್ಬರ ಹೆಸರು ನಿಮ್ಮ ಮುಂದಿರೋ ಫೈಲಲ್ಲಿ ಇರೋವಾಗ ಎರಡು ದಿನ ದೊಡ್ಡದಲ್ಲ.

ಆ ನೋಟ್‌ಬುಕ್ ಇನ್ನೂ ನನ್ನ ಹತ್ರ ಇದೆ. "ಒಂದು ಇಂಕ್ರಿಮೆಂಟ್ ಕಟ್, ಲಿಖಿತ ಎಚ್ಚರಿಕೆ, ಆರು ತಿಂಗಳು ನಿಗಾ." ಅದರ ಮುಂದಿನ ಪುಟದಲ್ಲಿ ಸಭೆಯ ದಿನ ನಾನೇ ಬರ್ಕೊಂಡಿದ್ದು ಇದೆ, "ವಜಾ, ಬೇರೆ ದಾರಿ ಇಲ್ಲ." ಎರಡೂ ನನ್ನದೇ ಅಕ್ಷರ, ಮಧ್ಯೆ ಒಂದು ರಾತ್ರಿ ಮತ್ತು ಒಂದೂಮುಕ್ಕಾಲು ಗಂಟೆ. ಫೈಲಲ್ಲಿ ಆ ಹೊತ್ತಿಗೆ ಹೊಸದಾಗಿ ಒಂದು ಹಾಳೆನೂ ಸೇರಿರ್ಲಿಲ್ಲ.

ಇಂತಿ,
ಆ ಏಳು ಸಹಿಗಳಲ್ಲಿ ಒಂದು ಸಹಿ ಹಾಕಿದವನು